ಮಾವನವರ ಕಾರಿನ ಕೆಂಪು ದೀಪ

ಇಂಜಿನ್ ಶುರುವಾದ ಮೇಲೂ ಆರದ, ಎಣ್ಣೆ ಒತ್ತಡ ಕಡಿಮೆ ಎಂದು ಎಚ್ಚರಿಸುವ ಒಂದು ಪುಟ್ಟ ಕೆಂಪು ದೀಪ ದರ್ಜಿಯ ಜೀವ ಹಿಂಡುತ್ತಿತ್ತು. ಕಾರು ತೀರಿಹೋದ ಮಾವನವರದು.

"ಅಳಿಯಂದ್ರೇ, ಸಂಜೆಯೊಳಗೆ ರಸ್ತೆಗಿಳಿಸಿದ್ರೆ ಕಾರು ನಿಮ್ಮದು. ದಿನಾ ಬೆಳಿಗ್ಗೆ ನನ್ನನ್ನ ಅದ್ರಲ್ಲಿ ಸ್ವಲ್ಪ ಹೊತ್ತು ಕೂರಿಸಿದ್ರೆ ಸಾಕು. ಆಗದಿದ್ರೆ ಕಿರಿ ಅಳಿಯನಿಗೆ," ಎಂದಿದ್ದರು ಅತ್ತೆ.

ಹೊಲಿದ ಪರದೆಗಳ ಗಂಟು ಹೊತ್ತು ಹೊತ್ತು ದರ್ಜಿಯ ಹೆಗಲು ಒಂದು ಕಡೆಗೆ ವಾಲಿತ್ತು. ಕಾರು ಬೇಕೇ ಬೇಕಿತ್ತು.

ಎಲ್ಲಿ ಬಾನೆಟ್ ತೆರೆದರೂ ಕರೆಯದೆ ಬರುವವನು ಪಕ್ಕದ ಮನೆಯ ಕ್ಲಚ್ ತಾತ, ನಿವೃತ್ತ ಬಸ್ ಡ್ರೈವರ್. ಆ ದೀಪ ಹತ್ತಿಸುವ ಎಣ್ಣೆ ಒತ್ತಡದ ಸ್ವಿಚ್ಚು ಬಿಚ್ಚಿ, ಅದರ ಜಾಗಕ್ಕೆ ಒತ್ತಡ ಅಳೆಯುವ ತನ್ನ ಗೇಜು ಕಟ್ಟಿ, ಇಂಜಿನ್ ಓಡಿಸಿ ನೋಡಿದ.

"ಒತ್ತಡ ಸರಿಯಾಗೇ ಇದೆ ಕಣಯ್ಯ. ಸ್ವಿಚ್ಚು ಸುಳ್ಳು ಹೇಳ್ತಿದೆ. ಬದಲಾಯಿಸು."

ಹೊಸ ಸ್ವಿಚ್ಚು ಕೂರಿಸುವಷ್ಟರಲ್ಲಿ ದರ್ಜಿ ಎಣ್ಣೆ ಬಾಣಲೆಗೆ ಬಿದ್ದು ಎದ್ದವನಂತಾಗಿದ್ದ. ಚಾವಿ ತಿರುಗಿಸಿದ. ಇಂಜಿನ್ ಗುರುಗುಟ್ಟಿತು, ದೀಪ ಆರಿತು. ಅದೇಕೋ, ಪಕ್ಕದ ಸೀಟಿನಿಂದ ಯಾರೋ ಎದ್ದು ಹೋದಂತೆ ಒಳಗೆಲ್ಲ ತಣ್ಣಗಾಯಿತು.

ಅತ್ತೆ ಬಂದು ಕೂತರು. ಮುಖ ಸುಣ್ಣವಾಯಿತು.

"ಎಲ್ಲಿ ಅವರು?"

"ಯಾರು ಅತ್ತೆ?"

"ನಿಮ್ಮ ಮಾವ. ದಿನಾ ಇಂಜಿನ್ ಹಾಕ್ಕೊಂಡು ಮಾತಾಡ್ತಿದ್ದೆ. ಕೆಂಪಗೆ ಕಣ್ಣು ಬಿಟ್ಕೊಂಡು ಕೇಳೋರು. ಬದುಕಿದ್ದಾಗ ಅಷ್ಟು ಕೇಳಿದವರಲ್ಲ."

"ಅದು ಕೆಟ್ಟ ಸ್ವಿಚ್ಚು ಅತ್ತೆ..."

"ಕೆಟ್ಟದ್ದನ್ನೇ ಹಾಕಿ. ಅವರು ಬರದೆ ಕಾರು ಗೇಟು ದಾಟಲ್ಲ."

ಹಳೆಯದನ್ನು ಕಸದಿಂದ ಹೆಕ್ಕಿ, ಮತ್ತೊಮ್ಮೆ ಎಣ್ಣೆಸ್ನಾನ ಮಾಡಿ ಕೂರಿಸಿದ. ಇಂಜಿನ್ ಓಡಿತು, ದೀಪ ಹತ್ತಲಿಲ್ಲ. ಅವನ ಬದುಕಿನಲ್ಲಿ ಮೊದಲ ಸಲ ಕೆಟ್ಟ ವಸ್ತುವೊಂದು ತಾನಾಗಿಯೇ ರಿಪೇರಿಯಾಗಿತ್ತು, ಅದೂ ಇವತ್ತೇ.

"ಬಲ್ಬು ಹೋಯ್ತೇನೋ," ಎಂದ ತಾತ. "ಇಂಜಿನ್ ಓಡ್ತಾ ಇರ್ಲಿ. ಸ್ವಿಚ್ಚಿನ ವೈರು ಕಿತ್ತು ಇಂಜಿನ್ ಮೈಗೆ ಮುಟ್ಟಿಸು. ಮುಟ್ಟಿದ್ರೆ ಹತ್ತಬೇಕು, ಎತ್ತಿದ್ರೆ ಆರಬೇಕು."

ಮುಟ್ಟಿಸಿದ. "ಬಂದ್ರು," ಎಂದರು ಒಳಗಿನಿಂದ ಅತ್ತೆ. ಎತ್ತಿದ. "ಹೋದ್ರು."

ದರ್ಜಿಯ ತಲೆ ಓಡಿತು. ವೈರನ್ನು ಇಂಜಿನ್ನಿಗೇ ಬಿಗಿದುಬಿಟ್ಟರೆ ಮಾವ ಸದಾ ಹಾಜರು, ಕಾರು ತನ್ನದು. ವೈರನ್ನು ಎತ್ತಿ ಹಿಡಿದು, ಕಟ್ಟಲು ಒಂದು ಬೋಲ್ಟು ಹುಡುಕತೊಡಗಿದ. ಒಳಗೆ ಅತ್ತೆಯ ಪಿಸುಮಾತು ಕೇಳಿಸಿತು.

"ಹೂಂ... ಹೂಂ... ಹೌದಾ?"

ಇಣುಕಿದ. ದೀಪ ಕೆಂಪಗೆ ಉರಿಯುತ್ತಿತ್ತು. ವೈರಿನ ತುದಿ ಏನನ್ನೂ ಮುಟ್ಟದೆ ಗಾಳಿಯಲ್ಲಿತ್ತು. ಕ್ಲಚ್ ತಾತ ತನ್ನ ಗೇಜು ಎತ್ತಿಕೊಂಡು, ಹಿಂದೆ ನೋಡದೆ ಮನೆ ಸೇರಿ ಬಾಗಿಲು ಹಾಕಿಕೊಂಡ.

"ಅತ್ತೆ, ವೈರು ಇನ್ನೂ ನನ್ನ ಕೈಯಲ್ಲೇ ಇದೆ."

"ಗೊತ್ತಂತೆ," ಎಂದರು ಅತ್ತೆ, ದೀಪದಿಂದ ಕಣ್ಣು ತೆಗೆಯದೆ. "ನನ್ನನ್ನ ಕಿತ್ತು ಕಸಕ್ಕೆ ಹಾಕಿದ ಅಳಿಯ ಬೇಡ, ಕಿರಿಯವನಿಗೇ ಕೊಡು ಅಂತಿದ್ದಾರೆ."