ಗೆಲಾಕ್ಸಿಗಳ ಬಣ್ಣ, ಅವ್ವನ ಕಣ್ಣು

ಸಂಶಯ ಬಂದರೆ ನಾನು ಪುಸ್ತಕ ತೆರೆಯುವುದಿಲ್ಲ, ಅವ್ವನನ್ನು ಕೇಳುತ್ತೇನೆ. ಬೀದರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ, ನಡುವಯಸ್ಸು ದಾಟಿದ ಹೆಂಗಸು ಹೇಳಿಕೊಳ್ಳುವ ಮಾತಲ್ಲ ಇದು. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಈ ಸಲ ನಾನು ಕೇಳಿದ್ದು ಬೇಳೆಗೆ ಎಷ್ಟು ಉಪ್ಪು ಎಂದಲ್ಲ, ಗೆಲಾಕ್ಸಿಗಳ ಬಣ್ಣ.

ದೊಡ್ಡ ದೂರದರ್ಶಕವೊಂದು ಆಕಾಶವನ್ನೆಲ್ಲ ಜಾಲಾಡಿ ಕೊಟ್ಟ ಮಾಹಿತಿ ನನ್ನ ಕಂಪ್ಯೂಟರಿನಲ್ಲಿದೆ. ನೀಲಿ ಬೆಳಕು ಹೆಚ್ಚಿದ್ದರೆ ಆ ಗೆಲಾಕ್ಸಿಯಲ್ಲಿ ಇನ್ನೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಕೆಂಪಾಗಿದ್ದರೆ ಸಾಮಾನ್ಯವಾಗಿ ಹುಟ್ಟುವುದು ನಿಂತಿದೆ, ಇರುವವು ಮುದಿಯಾಗಿವೆ. ಅಂಕಿಗಳನ್ನು ನೋಡಿ ಎರಡು ರಾಶಿ ಮಾಡಬೇಕು. ಮಾಡಿದೆ. ನಡುವೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ ಎನ್ನುವ ಕೆಲವು ಉಳಿದವು. ಗೆರೆ ಎಲ್ಲಿ ಎಳೆಯುವುದು?

ಅವ್ವ ಸಂತಪುರದಿಂದ ಬಂದವಳು, ಗಾಂಧಿ ಗಂಜಿನ ಕಾಳಿನ ಪೇಟೆಯಲ್ಲಿ ಬಹಳ ವರ್ಷ ತೊಗರಿ ಹಸನು ಮಾಡಿದವಳು. ಬಿಳಿ ತೊಗರಿಯಲ್ಲಿ ಒಂದು ಕೆಂಪು ಕಾಳು ಉಳಿಯಲು ಬಿಟ್ಟವಳಲ್ಲ ಎಂದು ನನ್ನ ಡೈರಿಯಲ್ಲಿದೆ. ನಿಜಕ್ಕೂ ಹಾಗಿತ್ತೋ, ಮಗಳಾಗಿ ನಾನು ಹಾಗೆ ನೆನಪಿಟ್ಟುಕೊಂಡೆನೋ, ಆಣೆ ಮಾಡಿ ಹೇಳಲಾರೆ. ಅಂತೂ ನಡುವೆ ಉಳಿದವುಗಳ ಚಿತ್ರಗಳನ್ನು ತೆರೆದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ನೀಲಿ ಕಂಡರೆ ಹರೆಯದವಳು, ಕೆಂಪು ಕಂಡರೆ ಮುದುಕಿ ಎಂದು ಹೇಳಿಕೊಟ್ಟೆ.

“ಇದು ಕೆಂಪ. ಮುದುಕಿ,” ಎಂದಳು ಅವ್ವ. “ಇದೂ ಮುದುಕಿ. ಏ, ಇದಂತೂ ನನಕಿಂತ ಹಿರಿಯಾಕಿ!”

ನಾನು ಭಕ್ತಿಯಿಂದ ಗೆರೆ ಸರಿಸುತ್ತ ಹೋದೆ. ಆಮೇಲೆ ಸುಮ್ಮನೆ ಮೋಜಿಗೆಂದು, ಎಲ್ಲಕ್ಕಿಂತ ನೀಲಿಯಾದದ್ದನ್ನು ತೋರಿಸಿದೆ.

“ಮುದುಕಿ.”

ನನ್ನ ಕೈ ನಿಂತಿತು. ಅವಳಿಗೂ ಗೊತ್ತಾಯಿತು. “ಯಾಕ ತಾಯಿ, ತಪ್ಪಾಯ್ತೇನು?”

“ಅವ್ವಾ, ಎಷ್ಟ ದಿನದಿಂದ ಹಿಂಗ?”

“ಎಲ್ಲಾ ಜರಾ ಹಳದಿ ಕಾಣಸ್ತದ, ಅಷ್ಟೇ. ಹೇಳಿದ್ರ ನೀ ಕೈಯಾನ ಮರಾ ಕಸ್ಕೊಂಡು ಮೂಲ್ಯಾಗ ಕೂಡಸ್ತಿದ್ದಿ. ಕಾಳ ಹಸನ ಮಾಡೋದೂ ಹೋದ್ರ ನಾ ಏನ ಮಾಡ್ಲಿ?”

ಬೇಳೆಯಲ್ಲಿ ಹರಳು ಸಿಕ್ಕಾಗಲೆಲ್ಲ ನಾನು ಅಂಗಡಿಯವರನ್ನು ಬೈದು ಬಂದಿದ್ದೆ. ಮೂರು ಅಂಗಡಿ ಬದಲಿಸಿದ್ದೆ.

ಮೊರ ಕಸಿಯುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಅವಳು ಪೊರೆಯ ಆಪರೇಷನ್ನಿಗೆ ಒಪ್ಪಿದ್ದು. ಎರಡೂ ಕಣ್ಣು ಮುಗಿದ ಮೇಲೆ ಒಂದು ಬೆಳಿಗ್ಗೆ ಆ ನೀಲಿ ಗೆಲಾಕ್ಸಿಯನ್ನೇ ಮುಂದಿಟ್ಟೆ. ಅವ್ವ ಅತ್ತ ನೋಡಲೇ ಇಲ್ಲ. ನನ್ನ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು.

“ತಲಿ ಎಲ್ಲಾ ಬೆಳ್ಳಗ ಆಗ್ಯಾದಲ್ಲೇ! ಕಣ್ಣ ಕೆಳಗ ಕಪ್ಪ. ಹೊಟ್ಟಿಗಿ ತಿಂತಿ ಇಲ್ಲ? ನನಗ್ಯಾಕ ಹೇಳ್ಲಿಲ್ಲ?”

“ನಿನಗ ಕಾಣಸ್ತಿರ್ಬೇಕು ಅಂದ್ಕೊಂಡಿದ್ನವ್ವಾ,” ಎಂದೆ.

ಅವಳ ಕಣ್ಣಿಗಾದರೆ ಪೊರೆ ಬಂದಿತ್ತು. ಅದೇ ಮನೆಯಲ್ಲಿದ್ದೂ ಅದನ್ನು ಕಾಣದ ನನ್ನ ಕಣ್ಣಿಗೆ ಏನು ಬಂದಿತ್ತು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ, ನಾಚಿಕೆಯಿಲ್ಲದೆ, ಗೆಲಾಕ್ಸಿಗಳ ಕಡೆ ಬೆರಳು ತೋರಿಸುತ್ತಿದ್ದೆ.