ಮೇಲಿನ ಕೋರ್ಟು ಹೊಡೆಸಿದ ಬಂಡಿ

ಕೇಳುವ ಕಿವಿಯನ್ನೂ ಕಾಯುವ ತಾಳ್ಮೆಯನ್ನೂ ಕೊಟ್ಟ ಶಿವನಿಗೆ ಮೊದಲು ಶರಣು. ಎರಡನೆಯದನ್ನು ಕೊಡದಿದ್ದರೆ ಕೋರ್ಟಿನ ಗುಮಾಸ್ತನಾಗಿ ನಾನು ಇಷ್ಟು ವರ್ಷ ಬಾಳುತ್ತಿರಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂರ ನೀರು ಕುಡಿದವನು ನಾನು. ಇಂಥವು ಎಲ್ಲೆಲ್ಲೂ ನಡೆಯುತ್ತಲೇ ಇರುತ್ತವೆ. ಇದು ಯಾವ ಕಡೆಯದೆಂದು ಹೇಳುವುದಿಲ್ಲ. ಶಿವನಿಗೆ ಗೊತ್ತು, ಅಷ್ಟು ಸಾಕು.

೧. ಮೂರು ತಿಂಗಳ ಗಡುವು

ಒಬ್ಬ ಮುದುಕಿ, ಎಲ್ಲರೂ ಆಯಿ ಎನ್ನುತ್ತಿದ್ದರು. ಅವಳ ಹೊಲದ ಬಂಡಿದಾರಿ ಮೈದುನನ ಹೊಲದಲ್ಲಿ ಹಾದುಹೋಗಿತ್ತು. ಅವನು ಅದಕ್ಕೆ ಮುಳ್ಳು ಹಚ್ಚಿ, ‘ಅಲ್ಲಿ ಬಂಡಿ ಹೋಗೂದೇ ಇಲ್ಲ’ ಎಂದುಬಿಟ್ಟ. ಅಂದಿನಿಂದ ಆಯಿಯ ತೊಗರಿ ಊರು ಮುಟ್ಟುತ್ತಿದ್ದುದು ಅವಳ ತಲೆಯ ಮೇಲೆಯೇ. ನಮ್ಮ ಕೋರ್ಟು ಅವಳ ದಾವೆ ವಜಾ ಮಾಡಿತು. ಮೇಲಿನ ಕೋರ್ಟು ಅದನ್ನು ರದ್ದುಪಡಿಸಿ, ‘ಬಂಡಿ ಹೊಡೆಸಿ ನೋಡಿ, ಮೂರು ತಿಂಗಳಲ್ಲಿ ಹೊಸದಾಗಿ ತೀರ್ಪು ಕೊಡಿ’ ಎಂದು ವಾಪಸು ಕಳಿಸಿತು.

ಆದೇಶ ಬಂತು, ಕಡತ ಬರಲಿಲ್ಲ. ಅದು ಮೇಲಿನ ಕೋರ್ಟಿನಲ್ಲೇ ಉಳಿದಿತ್ತು. ಪತ್ರದ ಮೇಲೆ ಪತ್ರ ಬರೆದೆವು. ಗಡುವಿಗೆ ಎರಡು ದಿನ ಇರುವಾಗ ಕಡತ ಬಂತು. ಇನ್ನಷ್ಟು ಸಮಯ ಬೇಡಿದೆವು. ಉತ್ತರ ಬಂತು: ತಡ ಏಕಾಯಿತೆಂದು ಪರಿಶೀಲಿಸಬೇಕಾಗಿದೆ, ಕಡತ ಕಳಿಸಿ.

೨. ಕಾಯ್ದೆಯ ಪ್ರತಿ

ಆಯಿ ನನ್ನ ಮೇಜಿನ ಮುಂದೆ ನಿಂತು ಕೇಳಿದಳು: “ತಮ್ಮಾ, ಮ್ಯಾಲಿನ ಸಾಹೇಬ ಹೇಳಿದ್ದು ಕೆಳಗಿನ ಸಾಹೇಬ ಕೇಳಬೇಕೋ ಬ್ಯಾಡೋ?”

“ಕೇಳಾಕೇ ಬೇಕು ಆಯಿ. ಕಾಯ್ದೇನೇ ಐತಿ.”

“ಹಂಗಾದ್ರ ಅದರದೊಂದು ಪ್ರತಿ ಕೊಡು. ಮನ್ಯಾಗ ಸೊಸಿಗೆ ತೋರಸ್ತೇನಿ.”

೩. ವಕೀಲರ ವಾದ

ಹೆಚ್ಚಿನ ಸಮಯವೂ ಸಿಕ್ಕಿತು, ಕಡತವೂ ತಿರುಗಿ ಬಂತು. ಮೈದುನನ ವಕೀಲರು ಎದ್ದರು: “ಮೇಲಿನ ಕೋರ್ಟಿನವರು ಹೊಲ ನೋಡಿಲ್ಲ ಸ್ವಾಮಿ. ಅವರು ಹೇಳಿದ್ದನ್ನ ಒಂದು ಸಲಹೆ ಅಂತ ತಿಳೀಬೇಕು.”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ಹೋದ ವಾರ ಬೇರೆ ಕೇಸಲ್ಲಿ ಅದೇ ಕೋರ್ಟಿನ ಆದೇಶ ತಂದು, ಒಂದಕ್ಷರ ಮೀರುವಂತಿಲ್ಲ ಅಂದವರು ನೀವೇ ಅಲ್ಲವೇ?”

“ಅದ್ರಾಗ ನಾವು ಗೆದ್ದಿದ್ವಿ ಅಲ್ರಿ.”

ಸಾಹೇಬರು, ಹಿಡಿಸಲಿ ಬಿಡಲಿ ಪಾಲಿಸಲೇಬೇಕೆಂದು ಬರೆಸಿ, ಇನ್ನೊಬ್ಬ ವಕೀಲರನ್ನು ಸ್ಥಳ ನೋಡಿ ವರದಿ ಕೊಡುವ ಕಮಿಷನರ್ ಮಾಡಿ ಹೊಲಕ್ಕೆ ಕಳಿಸಿದರು. ಕಡತ ಮತ್ತೆಲ್ಲಿ ಹೋದೀತೋ ಎಂಬ ಭಯಕ್ಕೆ ಅದರ ಜೊತೆ ನನ್ನನ್ನೂ ಕಳಿಸಿದರು.

೪. ಬಂಡಿ

ಊರ ತುಂಬ ಟ್ರ್ಯಾಕ್ಟರುಗಳು. ಬಂಡಿ, ಎತ್ತು ಉಳಿದದ್ದು ಒಂದೇ ಮನೆಯಲ್ಲಿ, ಅದೇ ಮೈದುನನ ಮನೆಯಲ್ಲಿ. ಕಮಿಷನರ್ ಸಂಕೋಚದಿಂದ ಕೇಳಿದರು. “ಒಯ್ರಿ. ಬಂಡಿ ಕೊಟ್ರ ದಾರಿ ಕೊಟ್ಟಂಗಲ್ಲ” ಎಂದ ಮೈದುನ.

ಮುಳ್ಳು ತೆಗೆಸಿದರು. ಪಕ್ಕದ ಹೊಲದವನೊಬ್ಬ ಬಂಡಿ ಹೊಡೆದ. ಮೊದಲ ತಿರುವಿನಲ್ಲೇ ಎತ್ತುಗಳು ನಿಂತವು. ಎಷ್ಟು ಹೊಡೆದರೂ ಕದಲಲಿಲ್ಲ. ಕಮಿಷನರ್ ‘ಹೋಗುವುದಿಲ್ಲ’ ಎಂದು ಬರೆಯಲು ಪೆನ್ನು ತೆಗೆದರು. ಈ ವರ್ಷದ ತೊಗರಿಯೂ ಮುದುಕಿಯ ತಲೆಯ ಮೇಲೆಯೇ ಎಂದು ನಾನು ಮನಸ್ಸಿನಲ್ಲೇ ಶಿವನನ್ನು ನೆನೆದೆ.

ಬದುವಿನ ಮೇಲೆ ಕೂತಿದ್ದ ಆಯಿ ಸೆರಗು ಸರಿಪಡಿಸಿಕೊಂಡಳು. “ಬರಕೋರಿ ಸಾಹೇಬ್ರ. ನಮ್ಮ ಮಾವನ ಎತ್ತು ಹೋಗ್ತಿದ್ದವು. ಇವನ ಎತ್ತಿನ ಕಡಿಂದ ಏನಾಗ್ತೈತಿ?”

ಮೈದುನ ತಿರುಗಿ ನೋಡಿದ. “ಏನಂದಿ ವೈನಿ?”

“ಇದ್ದದ್ದು ಅಂದೆ. ಕೋಡಿಗೆ ಬಣ್ಣ ಹಚ್ಚಿದ್ರ ಎತ್ತು ಆಗ್ತಾವೇನು?”

ಅವನು ಬಂಡಿ ಹೊಡೆಯುವವನನ್ನು ಇಳಿಸಿ ತಾನೇ ಹಗ್ಗ ಹಿಡಿದ. ಎತ್ತುಗಳ ಬೆನ್ನು ತಟ್ಟಿ ಏನೋ ಹೇಳಿದ. ಬಂಡಿ ಡಾಂಬರು ರಸ್ತೆಯಲ್ಲಿ ಹೋದಂತೆ ತಿರುವು ದಾಟಿ, ಸೀದಾ ಆಯಿಯ ತೊಗರಿಯ ಅಂಚಿಗೆ ಹೋಗಿ ನಿಂತಿತು. ಮೈದುನ ಕೆಳಗೆ ಹಾರಿ ಮೀಸೆ ತಿರುವಿದ.

“ನೋಡಿದ್ರೇನ್ರಿ? ಕಣ್ಣು ಕಟ್ಟಿದ್ರೂ ಹೋಗ್ತಾವ.”

“ನೋಡಿದೆ, ಬರಕೊಂಡೆ” ಎಂದರು ಕಮಿಷನರ್. “ಇಲ್ಲೊಂದು ಸಹಿ ಹಾಕ್ರಿ.”

ಅವನು ಪೆನ್ನು ಹಿಡಿದು, ಬಂಡಿಯ ಕಡೆ ಒಮ್ಮೆ, ಆಯಿಯ ಕಡೆ ಒಮ್ಮೆ ನೋಡಿ ಸಹಿ ಹಾಕಿದ.

ತೀರ್ಪು ಆಯಿಯ ಕಡೆ ಆಯಿತು. ಮೈದುನ ಹೊರಗೆ ಬಂದವನೇ, “ನಾನೂ ಮ್ಯಾಲಿನ ಕೋರ್ಟಿಗೆ ಹೋಗ್ತೇನಿ” ಎಂದ.

“ಹೋಗಪಾ” ಎಂದಳು ಆಯಿ. “ಎತ್ತು, ಬಂಡಿ ಮಾತ್ರ ನನ್ನ ರಾಶಿ ಆಗೂಮಟ ಇಲ್ಲೇ ಬಿಟ್ಟು ಹೋಗು. ಅವಕ್ಕ ದಾರಿ ಗೊತ್ತೈತಿ.”

ಇದನ್ನು ಕೇಳಿದ ನಿಮ್ಮೆಲ್ಲರ ಹೊಲಕ್ಕೂ ದಾರಿ ಇರಲಿ, ಮನೆ ತುಂಬ ತೊಗರಿ ಇರಲಿ. ನಿಮ್ಮ ಕಡತ ಎಂದಿಗೂ ನನ್ನ ಮೇಜಿಗೆ ಬಾರದಂತೆ ಶಿವ ಕಾಯಲಿ.