ಶಿವು ಬರೆದ ತೂಕದ ಪ್ರೋಗ್ರಾಂ ಮತ್ತು ನನ್ನ ಕಟ್ಟುನಿಟ್ಟು

ಆ ಶನಿವಾರ ಎಲ್ಲ ಶನಿವಾರಗಳಂತೆಯೇ ಇತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಗಾಡಿ ತೂಗುವ ನಮ್ಮ ವೇಬ್ರಿಜ್ ಮುಂದೆ ಮೆಕ್ಕೆಜೋಳದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ತಮ್ಮ ಶಿವು ಮಂಡಕ್ಕಿ ತಿನ್ನುತ್ತಾ ಕಂಪ್ಯೂಟರ್ ಒತ್ತುತ್ತಿದ್ದ. ತೂಕದ ಮೀಟರ್ ಓದುವ ಪ್ರೋಗ್ರಾಂ ಅವನೇ ಬರೆದದ್ದು.

"ಅಣ್ಣಾ, ಇದನ್ನ ಕಂಪೈಲ್ ಮಾಡೋದು ಕಲ್ತ್ಕೊ. ಬರ್ದಿದ್ದನ್ನ ಮಷೀನಿಗೆ ತಿಳಿಯೋಹಂಗ ಮಾಡೋದು, ಅಡಿಗಿ ಮಾಡಿದಂಗ ಐತಿ," ಎಂದ.

ಅಡುಗೆಯೂ ನನಗೆ ಬರುವುದಿಲ್ಲ ಎಂದೆ. ಮರುದಿನ ಬೆಳಿಗ್ಗೆ ಅವನ ಎದೆಬಡಿತ ನಿಂತುಹೋಯಿತು.

ಮೂರು ತಿಂಗಳಿಗೆ ಸಿಡಿಲು ಬಡಿದು ಮೀಟರ್ ಸುಟ್ಟಿತು. ಪಕ್ಕದ ಗ್ಯಾರೇಜಿನ, ಕಂಪ್ಯೂಟರನ್ನೂ ಅಷ್ಟಿಷ್ಟು ಬಲ್ಲ ಖಾಸಿಂಸಾಬರು ಹೊಸದನ್ನು ಕೂಡಿಸಿದರು. ಇದು ಬೇರೆ ವೇಗದಲ್ಲಿ ಅಂಕಿ ಕಳಿಸುತ್ತದೆ, ಪ್ರೋಗ್ರಾಂನಲ್ಲಿ ಒಂದು ಸಂಖ್ಯೆ ಬದಲಿಸಿ ಮತ್ತೆ ಕಂಪೈಲ್ ಮಾಡಬೇಕು ಎಂದರು. ಮೀಟರ್ ಮಾರಿದವನು ತನ್ನದೇ ಪ್ರೋಗ್ರಾಂ ಹಾಕಿಕೊಡುತ್ತೇನೆ ಎಂದ. ಬೇಡವೆಂದೆ. ಆ ಪ್ರೋಗ್ರಾಂ ಓಡುವಷ್ಟು ದಿನ ಶಿವು ಅಲ್ಲೇ ಕೂತಿದ್ದಾನೆ ಎನಿಸುತ್ತಿತ್ತು.

ವಿಧಾನವನ್ನು ಅವನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಮೀಟರ್ ಓದುವ ಭಾಗ ಸಿ ಭಾಷೆಯಲ್ಲಿ, ಚೀಟಿ ಮುದ್ರಿಸುವ ಭಾಗ ಇನ್ನೊಂದು ಭಾಷೆಯಾದ ಪ್ಯಾಸ್ಕಲ್‌ನಲ್ಲಿ. ಬೇರೆಬೇರೆ ಕಂಪೈಲ್ ಮಾಡಿ ಕೊನೆಗೆ ಎರಡನ್ನೂ ಜೋಡಿಸಿ ಲಿಂಕ್ ಮಾಡಬೇಕು. ಪಿಯುಸಿ ಪಾಸಾದ ನಾನು ಪರಮ ವಿಶ್ವಾಸದಿಂದ ಕನ್ನಡಕ ಏರಿಸಿದೆ.

ಮೊದಲ ಯತ್ನಕ್ಕೆ ಎಪ್ಪತ್ತು ತಪ್ಪು ಬಂದವು. ಸಿ ಫೈಲನ್ನು ಪ್ಯಾಸ್ಕಲ್ ಕಂಪೈಲರ್‌ಗೆ ಉಣಿಸಿದ್ದೆ! ಎರಡನೆಯ ಯತ್ನಕ್ಕೆ ಒಂದೇ ತಪ್ಪು. ಒಂದೇ ಏಟಿಗೆ ಅರವತ್ತೊಂಬತ್ತು ತಪ್ಪು ತಿದ್ದಿದ ಮಹನೀಯ ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಾರ ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಎರಡೂ ಭಾಗ ಕಂಪೈಲ್ ಆದವು. ಹೆಂಡತಿ ಗಂಗಮ್ಮನನ್ನು ಕರೆಸಿ, ಅವಳ ಸಮ್ಮುಖದಲ್ಲಿ ಲಿಂಕ್ ಒತ್ತಿದೆ.

ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಖಾಸಿಂಸಾಬರು ಬಗ್ಗಿ ಓದಿದರು.

"ಒಂದು ಹೆಸರು ಹಿಡಿದು ಕರಿಯಾಕತ್ತೈತ್ರಿ. ಆ ಹೆಸರಿನದು ಎಲ್ಲೂ ಇಲ್ಲ ಅಂತೈತಿ."

ಎರಡು ಭಾಷೆಗಳ ನಡುವೆ ಅಂಕಿ ದಾಟಿಸಲು ಮೂರನೆಯದೊಂದು ಚಿಕ್ಕ ಫೈಲ್ ಬೇಕಂತೆ. ಶಿವು ಅದನ್ನು ತನ್ನ ಹೆಸರಿನ ಫೋಲ್ಡರಿನಲ್ಲಿ ಇಡುತ್ತಿದ್ದುದನ್ನು ಅವರು ಕಂಡಿದ್ದರು. ಆ ಫೋಲ್ಡರ್ ಎಲ್ಲಿ ಎಂದು ಕೇಳಿದರು.



ಹೋದವರ ವಸ್ತು ಮನೆಯಲ್ಲಿಟ್ಟುಕೊಳ್ಳಬಾರದು ಎಂಬುದು ನಮ್ಮ ಪದ್ಧತಿ. ಹನ್ನೊಂದನೆಯ ದಿನ ಅವನ ಅಂಗಿ, ಚಪ್ಪಲಿ, ಕೊಡೆ ಎಲ್ಲ ಕೊಟ್ಟುಬಿಟ್ಟಿದ್ದೆ. ಅದೇ ಕಟ್ಟುನಿಟ್ಟಿನಿಂದ ಕಂಪ್ಯೂಟರ್ ಮುಂದೆ ಕೂತು ಅವನ ಹೆಸರಿನ ಫೋಲ್ಡರನ್ನೂ ಅಳಿಸಿದ್ದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದೆ. ಆಮೇಲೆ ತಲೆಗೆ ಸ್ನಾನ ಬೇರೆ ಮಾಡಿದ್ದೆ!

ಇಷ್ಟನ್ನೂ ಒಪ್ಪಿಕೊಂಡೆ; ಮೊದಲೇ ಕಂಪೈಲಾಗಿದ್ದ ಪ್ರೋಗ್ರಾಂ ಓಡುತ್ತಲೇ ಇದ್ದುದರಿಂದ ಅಲ್ಲಿಯತನಕ ಕುಂದು ಕಂಡಿರಲಿಲ್ಲ. ಖಾಸಿಂಸಾಬರು ಕುರ್ಚಿಯ ಮೇಲೆ ಕೂತುಬಿಟ್ಟರು. ಗಂಗಮ್ಮ ನನ್ನನ್ನೇ ನೋಡಿದಳು.

"ಅಂಗಿ ಕೊಡ್ರಿ ಅಂದಿದ್ದೆ. ಕಂಪ್ಯೂಟರ್‌ನ್ಯಾಗ ಇದ್ದವನನ್ನೂ ಕಳಿಸ್ರಿ ಅಂದಿದ್ನೇನ್ರಿ?"

ಅಳಿಸಿದ್ದನ್ನು ಮರಳಿ ತರಲು ಖಾಸಿಂಸಾಬರು ಎರಡು ದಿನ ಹೆಣಗಿದರು. ಆ ಫೈಲಿನ ಬದಲು ನನ್ನ ಮದುವೆಯ ಫೋಟೋಗಳು ಸಿಕ್ಕವು. ಅದೇ ಸಾಕೆಂದರೆ ಗಂಗಮ್ಮ ನಗಲಿಲ್ಲ. ಸೋಮವಾರ ಮೀಟರ್ ಮಾರಿದವನ ಪ್ರೋಗ್ರಾಂ ಹಾಕಿಸಿದೆ. ಟ್ರ್ಯಾಕ್ಟರುಗಳು ಎಂದಿನಂತೆ ತೂಗಿಸಿಕೊಂಡು ಹೋಗುತ್ತಿವೆ.

ಈಗ ಶಿವುವಿನ ಎರಡೂ ಭಾಗಗಳನ್ನು ಒಂದೂ ತಪ್ಪಿಲ್ಲದೆ ಕಂಪೈಲ್ ಮಾಡಬಲ್ಲೆ. ಅದರಿಂದ ಒಂದು ಕಾಳೂ ತೂಗುವುದಿಲ್ಲ, ಅಷ್ಟೇ. ನಡುವಿನ ಫೈಲ್ ಇಲ್ಲ.